ಕೆಂಪಗಡ್ಡಿಯ ಹಿಟ್ಟಿನ ಖಜಾನೆ

ಕೆಂಪಗಡ್ಡಿಯ ಹಣಕಾಸು ಇಲಾಖೆ ಇರುವುದು ಕಸ್ತೂರೆವ್ವನ ಗಿರಣಿಯಲ್ಲಿ. ಮಂತ್ರಿಯೂ ಅವಳೇ. ಸೆರಗು, ಹುಬ್ಬು, ಮೂಗುತಿ ಎಲ್ಲದರ ಮೇಲೂ ಸದಾ ಜೋಳದ ಹಿಟ್ಟು ಕೂತಿರುವುದರಿಂದ ಹೊಸಬರು ಐವತ್ತೆರಡರ ಅವಳನ್ನು ಎಪ್ಪತ್ತರ ಮುದುಕಿ ಎಂದು ತಿಳಿದು ಮೋಸ ಹೋಗುತ್ತಾರೆ.

ಆಲಮಟ್ಟಿಯಲ್ಲಿ ಗೇಟು ಇಳಿಸಿ ನೀರು ನಿಲ್ಲಿಸಿದರೆ ಬಾಗೇವಾಡಿ ತಾಲೂಕಿನ ಈ ಊರು ಆಗಸ್ಟಿನಿಂದ ಸಂಕ್ರಾಂತಿಯವರೆಗೆ ನಡುಗಡ್ಡೆ. ಹನ್ನೊಂದು ವರ್ಷದ ಹಿಂದೆ ಕೆಳಗಿನ ಓಣಿಗಳ ಅರವತ್ತು ಮನೆ ಮುಳುಗಿದವು. ಅವರಿಗೆ ಪರಿಹಾರ ಸಿಕ್ಕಿತು, ಪುನರ್ವಸತಿ ಕೇಂದ್ರದಲ್ಲಿ ಪ್ಲಾಟು ಸಿಕ್ಕಿತು. ದಿಬ್ಬದ ಮೇಲಿನ ನಲವತ್ತಮೂರು ಮನೆಯವರಿಗೆ ‘ನಿಮ್ಮ ಮನೆ ಮುಳುಗಿಲ್ಲ’ ಎಂದು ಏನೂ ಕೊಡಲಿಲ್ಲ. ಆಮೇಲೆ ಅದೇ ಸರ್ಕಾರ ‘ನಿಮ್ಮ ಊರು ಮುಳುಗಿದೆ’ ಎಂದು ಬರೆದುಕೊಂಡು ಪಂಚಾಯಿತಿ, ರೇಶನ್ ಅಂಗಡಿ, ಮತದಾರರ ಪಟ್ಟಿ ಎಲ್ಲವನ್ನೂ ಪುನರ್ವಸತಿ ಕೇಂದ್ರಕ್ಕೆ ಒಯ್ದಿತು. ಒಯ್ಯಲು ಮರೆತದ್ದು ಎರಡೇ: ಕರೆಂಟಿನ ತಂತಿ ಮತ್ತು ಇನ್ನೂರ ಹತ್ತು ಜನ.

ಇಲಾಖೆ ಹುಟ್ಟಿದ್ದು ಪೇಪರಿನಿಂದ. ಬಿ.ಎ. ಮುಗಿಸಿ ಕುರಿ ಕಾಯುವ ಸಿದ್ಧರಾಮ, ಗಿರಣಿಯಲ್ಲಿ ಪಾಳಿಗೆ ಕೂತವರಿಗೆ ದೋಣಿಯಲ್ಲಿ ಬಂದ ಪೇಪರು ದಿನಾ ಓದಿ ಹೇಳುತ್ತಾನೆ. ಅವತ್ತಿನ ಸುದ್ದಿ ಎಲ್ಲೋ ಮಹಾಸಾಗರದ ನಡುವಿನ ಒಂದು ಪುಟ್ಟ ದ್ವೀಪ ದೇಶದ್ದು. ಅಲ್ಲಿಯ ಸರ್ಕಾರ ಮೀನು ಹಿಡಿಯುವ ಹಕ್ಕನ್ನು ಪರದೇಶದ ಹಡಗುಗಳಿಗೆ ಮಾರಿ, ಆ ರೊಕ್ಕದಲ್ಲಿ ವಿಮಾನ ನಿಲ್ದಾಣ ಕಟ್ಟಿ, ಅದು ಸಾಲದೆ ಸಾಲ ತಂದು, ಸಾಲ ತೀರಿಸಲು ಉಪ್ಪಿನ ಮೇಲೆ ತೆರಿಗೆ ಹಾಕಿತ್ತಂತೆ.

“ಸುತ್ತ ಸಮುದ್ರ ಇಟ್ಕೊಂಡು ಉಪ್ಪಿಗೆ ತೆರಿಗಿ ಹಾಕ್ಯಾರಂದ್ರ ಅವರೂ ನಮ್ಮ ಪೈಕಿನ ಅದಾರ ಬಿಡು” ಎಂದ ದೋಣಿಯ ಮೋದಿನಸಾಬ.

“ಎಷ್ಟ್ ಮಂದಿ ಅದಾರಲೇ ಸಿದ್ದ್ಯಾ, ಆ ದೇಶದಾಗ?” ಎಂದಳು ಕಸ್ತೂರೆವ್ವ.

“ಹತ್ತು ಸಾವಿರ, ಅತ್ತಿ.”

“ಹತ್ತು ಸಾವಿರ ಮಂದಿಗೆ ಒಬ್ಬ ಹಣಕಾಸು ಮಂತ್ರಿ! ನಾವು ಇನ್ನೂರ ಹತ್ತು ಮಂದಿ ಅದೀವಿ, ಸುತ್ತ ನೀರೂ ಐತಿ. ನಮಗ ಬಜೆಟ್ ಬ್ಯಾಡೇನು?”

ನಕ್ಕು ಶುರುವಾದದ್ದು ಎಂಟು ದಿನದಲ್ಲಿ ಕಾಯಿದೆಯಾಯಿತು. ನೀರು ತುಂಬಿದ ತಿಂಗಳುಗಳಲ್ಲಿ ದಂಡೆಯ ಬಾಬುಲಾಲನ ಅಂಗಡಿಗೆ ಹೋಗುವುದೇ ವಾರಕ್ಕೊಮ್ಮೆ. ಊರೊಳಗೆ ನೋಟಿಗೆ ಕೆಲಸವಿಲ್ಲ. ಆದ್ದರಿಂದ ಹಿಟ್ಟೇ ನಾಣ್ಯ. ದೋಣಿಗೆ ಒಂದು ಬೊಗಸೆ, ಕ್ಷೌರಕ್ಕೆ ಎರಡು. ಬೀಸಿದ ಕೂಲಿಯೆಂದು ಕಸ್ತೂರೆವ್ವನ ಡಬ್ಬಿಗೆ ಬಿದ್ದ ಹಿಟ್ಟು ಖಜಾನೆ. ದುಡಿಯಲಾರದ ಐದು ಮನೆಗಳ ರೊಟ್ಟಿ ಅದರಿಂದಲೇ. ಹದಿನೈದು ದಿನ ಇಟ್ಟರೆ ಹುಳ ಬೀಳುವ ನಾಣ್ಯವಾದ್ದರಿಂದ ಯಾರೂ ಕೂಡಿಡಲಿಲ್ಲ. ಇಷ್ಟು ಒಳ್ಳೆಯ ನೋಟನ್ನು ಯಾವ ರಿಸರ್ವ್ ಬ್ಯಾಂಕೂ ಇನ್ನೂ ಅಚ್ಚು ಹಾಕಿಲ್ಲ. ಖೋಟಾ ನೋಟು ಮಾತ್ರ ತಪ್ಪಲಿಲ್ಲ. ಮೋದಿನಸಾಬ ಜೋಳದ ಹಿಟ್ಟಿಗೆ ಗೋವಿನಜೋಳದ್ದು ಬೆರೆಸಿ ಸಿಕ್ಕಿಬಿದ್ದ. ಮೂರು ದಿನ ಪೇಪರು ಕೇಳಬಾರದೆಂಬ ಶಿಕ್ಷೆಯಾಯಿತು. ಅವನು ಮೂರೂ ದಿನ ಕಿಟಕಿಯ ಹೊರಗೆ ನಿಂತು ಕೇಳಿದ.

ಸೆಪ್ಟೆಂಬರಿನಲ್ಲಿ ಗಿರಣಿಯ ಬಾಗಿಲಿಗೆ ಒಂದು ನೋಟೀಸು ಅಂಟಿತು. ಬಾಗೇವಾಡಿಯ ‘ಸ್ಥಳಾಂತರ ಪೂರ್ಣತಾ ಕೋಶ’ದ್ದು. ಕೆಂಪಗಡ್ಡಿಯಲ್ಲಿ ಜನವಸತಿ ಇಲ್ಲದ ಕಾರಣ ವಿದ್ಯುತ್ ಮಾರ್ಗ ತೆಗೆಯಲಾಗುವುದು, ಅದಕ್ಕೂ ಮುನ್ನ ಸ್ಥಳ ಪರಿಶೀಲನೆ ನಡೆಯುವುದು ಎಂದಿತ್ತು. ಯಾರೂ ಇಲ್ಲದ ಊರಿನಲ್ಲಿ ಇದನ್ನು ಯಾರು ಓದಬೇಕೆಂದು ಮಾತ್ರ ಬರೆದಿರಲಿಲ್ಲ.

ಅವತ್ತು ಗಿರಣಿಯಲ್ಲಿ ಯಾರೂ ನಗಲಿಲ್ಲ. ಗಂಡ ಸತ್ತ ವರ್ಷ ಕಸ್ತೂರೆವ್ವ ಕೊರಳ ಬಂಗಾರದ ಟೀಕಿ ಮಾರಿ ತಂದ ಮೋಟರು ಅದು. ತಂತಿ ಹೋದರೆ ಮೋಟರು ಕಬ್ಬಿಣದ ಗಡ್ಡೆ. ಮೀಟರಿನ ಬಿಲ್ಲು ಅವಳೇ ಕಟ್ಟುತ್ತಿದ್ದರೂ ಅದು ಬರುತ್ತಿದ್ದದ್ದು ಊರು ಬಿಟ್ಟು ಹೋದ ಪಂಚಾಯಿತಿಯ ಹೆಸರಿಗೆ, ತೋರಿಸಿ ಉಪಯೋಗವಿಲ್ಲ. ಹಿಟ್ಟಿಲ್ಲದ ಊರಿನಲ್ಲಿ ಎಷ್ಟು ದಿನ ಇರುತ್ತಾರೆ? ಎರಡು ತಿಂಗಳಲ್ಲಿ ಜನ ತಾವಾಗಿಯೇ ಮೂಟೆ ಕಟ್ಟುತ್ತಾರೆ, ನೋಟೀಸಿನ ಸುಳ್ಳು ನಿಜವಾಗುತ್ತದೆ. ಸರ್ಕಾರಕ್ಕೆ ಸುಳ್ಳನ್ನು ತಿದ್ದುವುದಕ್ಕಿಂತ ಊರನ್ನು ತಿದ್ದುವುದು ಸುಲಭ.

ಪರಿಶೀಲನೆಗೆ ಬಂದವನು ಸುಶ್ರುತ. ಗುತ್ತಿಗೆಯ ನೌಕರಿಯ, ಇಪ್ಪತ್ತಾರರ ಹುಡುಗ, ಕಿತ್ತಳೆ ಬಣ್ಣದ ತೇಲುವ ಜಾಕೀಟು ಬಿಗಿದುಕೊಂಡು ದೋಣಿಯಲ್ಲಿ ಕಣ್ಣು ಮುಚ್ಚಿ ಕೂತೇ ಬಂದ. ಗಿರಣಿಯ ಕಟ್ಟೆಯ ಮೇಲೆ ಫಾರ್ಮು ಬಿಚ್ಚಿದ. ಸುತ್ತ ಅರವತ್ತು ಜನ ನಿಂತಿದ್ದರು.

“ಇಲ್ಲಿ ಯಾರೂ ಇಲ್ಲ ಅಂತ ಬರೀಬೇಕಾಗ್ಯದ್ರಿ” ಎಂದ, ಸಂಕೋಚದಿಂದ.

“ಯಾರೂ ಇಲ್ಲ ಅಂತ ಯಾರಿಗೆ ಹೇಳಾಕತ್ತೀ ತಮ್ಮಾ?” ಎಂದಳು ಕಸ್ತೂರೆವ್ವ.

“ನೀವು ಅದೀರಿ, ಕಾಣಸ್ತದ. ಆದ್ರ ಪಟ್ಟಿಯೊಳಗ ಇಲ್ಲ. ಪಟ್ಟಿಯೊಳಗ ಇದ್ದವರು ಇಲ್ಲಿಲ್ಲ. ಎರಡೂ ಹೊಂದಿಸಿ ನೋಡಿದ್ರ ಸೊನ್ನಿ ಬರ್ತದ್ರಿ.”

“ಯಾವ ಸಾಲ್ಯಾಗ ಕಲಿಸಿದ್ರೋ ಈ ಲೆಕ್ಕಾ? ಮಾಸ್ತರಗ ಒಂದ್ ಸಲ ದೋಣ್ಯಾಗ ಕಳಸು” ಎಂದ ಮೋದಿನಸಾಬ.

ಸುಶ್ರುತ ಜನಸಂಖ್ಯೆಯ ಮುಂದೆ ದುಂಡಗೆ ಒಂದು ಸೊನ್ನೆ ಬರೆದ. ಕೆಲಸ ಮುಗಿಯಿತು. ಆಗ ಅವನ ಮುಖದಲ್ಲಿ ನಿಜವಾದ ಕಳವಳ ಮೂಡಿತು. ಮೋದಿನಸಾಬನ ಕಡೆ ತಿರುಗಿ, “ದೋಣಿ ಬಾಡಿಗಿಗೆ ರೊಕ್ಕಾ ಮುಟ್ಟಿದ ಪಾವತಿ ಚೀಟಿ ಕೊಡ್ತೀರೇನ್ರಿ? ಪಾವತಿ ಇಲ್ಲಂದ್ರ ಬಿಲ್ ಪಾಸ್ ಮಾಡಂಗಿಲ್ಲ. ಮೂರು ಬಿಲ್ ವಾಪಸ್ ಬಂದಾವ. ಎಲ್ಲಾ ನನ್ನ ಕೈಲಿಂದನ ಹೋಗ್ಯದ” ಎಂದ.

ಜರಡಿ ಹಿಡಿಯುತ್ತಿದ್ದ ಕಸ್ತೂರೆವ್ವನ ಕೈ ನಿಂತಿತು.

“ಪಾವತ್ಯಾಗ ಏನೇನ್ ಬರೀಬೇಕು?”

“ರೊಕ್ಕಾ ತಗೊಂಡವರ ಹೆಸರು, ಮನಿ ನಂಬರ, ಊರು, ಯಾತಕ್ಕ ಅಂತ. ಕೆಳಗ ಸಹಿ, ಇಲ್ಲಾ ಹೆಬ್ಬೆಟ್ಟು. ಮತ್ತ ಊರಾಗ ವಾಸ ಇರೋರೇ ಆಗಿರಬೇಕು. ಹೊರಗಿನವರದು ನಡಿಯಂಗಿಲ್ಲ.”

“ಆ ಬಿಲ್ ಯಾರು ನೋಡ್ತಾರ?”

“ರಾಮಚಂದ್ರ ಸಾಹೇಬ್ರು. ಈ ವರದೀನೂ ಅವರ ಟೇಬಲ್ಲಿಗೇ.”

“ಹಂಗಾದ್ರ ಉಂಡು ಹೋಗು” ಎಂದಳು ಕಸ್ತೂರೆವ್ವ, ತಾಯಿಯ ದನಿಯಲ್ಲಿ. “ಬಿಸಿಲಾಗ ಬಂದೀ. ಊಟಕ್ಕ ನೂರಾ ಇಪ್ಪತ್ತು. ಪಾವತಿ ಕೊಡ್ತೀವಿ.”

ಸುಶ್ರುತ ನಾಲಿಗೆ ಕಚ್ಚಿಕೊಂಡ. “ಒಬ್ಬರ ಹೆಸರಿಗೆ ಐವತ್ತರ ಮ್ಯಾಲೆ ಆದ್ರ ಮೂರು ಕಡಿಂದ ಕೊಟೇಶನ್ ತರಬೇಕಾಗ್ತದ್ರಿ. ಹಂಚಿ ಬರದ್ರ ಅನುಕೂಲ.”

“ಹಂಚೂದೇನು, ನಮಗ ಬರ್ತೈತಿ. ಸಿದ್ದ್ಯಾ, ಹಾಳಿ ತಗೋ.”

ಆಮೇಲೆ ನಡೆದದ್ದು ಕೆಂಪಗಡ್ಡಿಯ ಇತಿಹಾಸದಲ್ಲಿ ಮೊದಲ ಸರ್ಕಾರಿ ಪ್ರವಾಸೋದ್ಯಮ. ರೊಟ್ಟಿ ಮೊದಲ ಮನೆಯಿಂದ ಬಂತು, ಪುಂಡಿಪಲ್ಯ ಎರಡನೆಯದರಿಂದ, ಶೇಂಗಾ ಚಟ್ನಿ ಮೂರನೆಯದರಿಂದ. ಉಪ್ಪು ಕೊಟ್ಟವಳು ಮೋದಿನಸಾಬನ ಹೆಂಡತಿ ಸುಗ್ರಾ. ಆದರೆ ದೋಣಿಯ ಪಾವತಿ ಆಗಲೇ ಗಂಡನ ಹೆಸರಿಗೆ, ಅದೇ ಮನೆಗೆ ಆಗಿದ್ದರಿಂದ ಉಪ್ಪನ್ನು ಪಕ್ಕದ ಮನೆಯ ಹೆಸರಿಗೆ ಬರೆಯಲಾಯಿತು. ಉಂಡ ಮೇಲೆ ಒರಗಲು ಒಬ್ಬರ ಹೊರಸು, ಹೊದೆಯಲು ಇನ್ನೊಬ್ಬರ ಚಾದರ. ಎದ್ದಾಗ ಮುಖಕ್ಕೆ ಒಂದು ಮನೆಯ ನೀರು, ಒರೆಸಲು ಬೇರೆ ಮನೆಯ ಟವೆಲ್ಲು. ಸಿದ್ಧರಾಮ ಪ್ರತಿ ಬಾಗಿಲ ಮೇಲೆ ಹಿಂದಿನ ಜನಗಣತಿಯವರು ಬರೆದ ನಂಬರು ನೋಡಿ ನೋಡಿ ಪಾವತಿ ಬರೆದ. ಕಸ್ತೂರೆವ್ವ ಹಿಂದೆ ಹಿಂದೆ ಶಾಯಿಯ ಡಬ್ಬಿ ಹಿಡಿದು ಹೆಬ್ಬೆಟ್ಟು ಒತ್ತಿಸಿದಳು.

ಇಪ್ಪತ್ತೆಂಟಕ್ಕೆ ಸಾಮಾನು ಮುಗಿದವು. ಹದಿನೈದು ಮನೆ ಇನ್ನೂ ಬಾಕಿ.

“ನಮ್ಮ ಗ್ವಾಡಿ ನೆರಳಾಗ ಕುಂತಿದ್ನಲ್ಲ ಸಾಹೇಬ, ಅದರ ಬಾಡಿಗಿ?” ಎಂದಳು ಇಪ್ಪತ್ತೊಂಬತ್ತನೆಯ ಮನೆಯ ಕಾವೇರಿ.

“ಆತವ್ವಾ, ಐದು ರೂಪಾಯಿ. ನಿನ್ನ ಮನಿಯವರು ಏನ್ ಕೊಟ್ರು ಮಾಳಿಂಗಪ್ಪಾ?” ಎಂದಳು ಕಸ್ತೂರೆವ್ವ.

“ನಾಯಿ ಹಿಡದೀನಿ. ಇಲ್ಲಂದ್ರ ಸಾಹೇಬಂದು ಮೀನಖಂಡ ಉಳೀತಿತ್ತೇನು?”

“ಬರಿ. ನಾಯಿ ಹಿಡಿದ ಬಾಬ್ತು.”

ದಾರಿ ತೋರಿಸಿದ್ದಕ್ಕೆ, ಕೊಡೆ ಹಿಡಿದದ್ದಕ್ಕೆ, ಹಾವು ಇಲ್ಲವೆಂದು ಭರವಸೆ ಕೊಟ್ಟದ್ದಕ್ಕೆ. ಸುಶ್ರುತ ಮೊದಲು ಬೆರಗಾದ. ಆಮೇಲೆ ದಿನಕ್ಕೆ ಎಂಟುನೂರರವರೆಗೆ ಮಂಜೂರಿ ಇದೆಯೆಂಬುದೂ ‘ಇತರೆ ವೆಚ್ಚ’ ಎಂಬ ಉದಾರವಾದ ಕಾಲಮ್ಮು ಇದೆಯೆಂಬುದೂ ನೆನಪಾಗಿ ಸುಮ್ಮನಾದ. ಅವನ ಮೂರು ವರ್ಷದ ನೌಕರಿಯಲ್ಲಿ ಯಾವ ಊರೂ ಇಷ್ಟು ಶಿಸ್ತಾಗಿ ಪಾವತಿ ಕೊಟ್ಟಿರಲಿಲ್ಲ. ದೋಣಿ ಏರುವಾಗ ಅವನ ಕೈಯಲ್ಲಿ ಸೊನ್ನೆಯ ಒಂದು ಫಾರ್ಮು, ನಲವತ್ತಮೂರು ಪಾವತಿಯ ಒಂದು ಕಟ್ಟು. “ಭಾಳ ಉಪಕಾರ ಆತ್ರಿ” ಎಂದು ಕೈ ಮುಗಿದ.

“ಉಪಕಾರ ನಿಂದೇ ಬಿಡಪಾ” ಎಂದಳು ಕಸ್ತೂರೆವ್ವ.

ಎರಡು ಕಾಗದವೂ ಒಂದೇ ದಿನ ರಾಮಚಂದ್ರರ ಟೇಬಲ್ಲಿಗೆ ಹೋದವು. ಅವರು ಬಿಲ್ಲನ್ನು ಎರಡು ಸಲ ಕೂಡಿಸಿ, ಮೂರು ರೂಪಾಯಿಯ ತಪ್ಪು ಹಿಡಿದು, ಕೆಂಪು ಶಾಯಿಯಲ್ಲಿ ತಿದ್ದಿ ಪಾಸು ಮಾಡಿದರು. ವರದಿಯಲ್ಲಿ ಸೊನ್ನೆ ಇತ್ತು. ಸೊನ್ನೆಯನ್ನು ಕೂಡಿಸಿ ನೋಡುವುದೇನಿದೆ ಎಂದು ಸಹಿ ಹಾಕಿದರು. ತಂತಿ ತೆಗೆಯುವ ಹುಕುಂ ಹೊರಟಿತು.

ಇತ್ತ ಸಿದ್ಧರಾಮ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಎರಡರ ನಕಲೂ ಕೇಳಿದ್ದ. ನಕಲು ಬರಲು ಒಂದು ತಿಂಗಳು. ಆ ತಿಂಗಳಲ್ಲಿ ಲೈನ್‌ಮನ್ ಅಮೋಘಸಿದ್ಧ ನಾಲ್ಕು ಸಲ ದಂಡೆಗೆ ಬಂದ. ನಾಲ್ಕೂ ಸಲ ಮೋದಿನಸಾಬನಿಗೆ ದೋಣಿ ಬಿಡಲಾಗದಷ್ಟು ಗಾಳಿ ಕಂಡಿತು.

“ಎಲೀನೂ ಅಳ್ಳಾಡವಲ್ದಲ್ಲೋ ಮಾರಾಯಾ” ಎಂದ ಅಮೋಘಸಿದ್ಧ.

“ಅದು ಒಳಗಾಳಿ. ನಿನ್ನಂಥ ಕಂಬದ ಮ್ಯಾಲಿನವರಿಗೆ ತಿಳಿಯಂಗಿಲ್ಲ. ಮಲಗು.”

ಅಮೋಘಸಿದ್ಧ ಜಾಲಿಗಿಡದ ಕೆಳಗೆ ಮಲಗಿ ಎದ್ದು ಹೋದ. ಅವನಿಗೂ ತಂತಿ ಕೀಳುವ ಉಮೇದು ಇರಲಿಲ್ಲ.

ನಕಲು ಬಂದ ಮರುದಿನ ಕಸ್ತೂರೆವ್ವ ಸೆರಗು ಝಾಡಿಸಿ, ಸಿದ್ಧರಾಮನ ಜೊತೆ ಬಾಗೇವಾಡಿಯ ಬಸ್ಸು ಹತ್ತಿದಳು. ಕೋಶದಲ್ಲಿ ರಾಮಚಂದ್ರರು ಕನ್ನಡಕ ಏರಿಸಿ ಕಾಗದ ತಿರುವಿದರು. ಸುಶ್ರುತ ಗೋಡೆಗೆ ಅಂಟಿ ನಿಂತಿದ್ದ.

“ನಾಯಿ ಹಿಡಿದ ಬಾಬ್ತು ಐದು ರೂಪಾಯಿ. ಏನಿದು ಚಾಷ್ಟಿ?”

“ಚಾಷ್ಟಿ ಅಲ್ರಿ. ಜನಾ ಇಲ್ಲದ ಊರಾಗ ನಾಯಿ ಹಿಡಿದವರು ಯಾರು ಅಂತ ಕೇಳ್ರಿ” ಎಂದಳು ಕಸ್ತೂರೆವ್ವ. “ನಲವತ್ತಮೂರು ಮನಿ, ನಲವತ್ತಮೂರು ಹೆಸರು. ಎಲ್ಲಾರೂ ಊರಾಗ ವಾಸ ಇರೋರು ಅಂತ ಕೆಳಗ ನೀವ ಸಹಿ ಮಾಡೀರಿ. ಇಲ್ನೋಡ್ರಿ, ಅದ ದಿನ, ಅದ ಪೆನ್ನು, ಯಾರೂ ಇಲ್ಲ ಅಂತಾನೂ ಸಹಿ ಮಾಡೀರಿ.”

ರಾಮಚಂದ್ರರು ಎರಡೂ ಹಾಳೆ ಅಕ್ಕಪಕ್ಕ ಇಟ್ಟು ನೋಡಿದರು. “ಹಂಗಾದ್ರ ಬಿಲ್ ಸುಳ್ಳು. ಈ ಹುಡುಗನ ನೌಕರಿ ತಗೀತೀನಿ.”

“ಬಿಲ್ ಖರೇ ಐತಿ” ಎಂದಳು ಕಸ್ತೂರೆವ್ವ, ಗಟ್ಟಿಯಾಗಿ. “ಅವ ಉಂಡಾನ, ಮಲಗ್ಯಾನ, ರೊಕ್ಕಾ ಕೊಟ್ಟಾನ. ಹುಡುಗನ್ನ ಮುಟ್ಟಬ್ಯಾಡ್ರಿ. ಸುಳ್ಳು ಇರೂದು ಇನ್ನೊಂದು ಹಾಳ್ಯಾಗ.”

“ವರದಿ ತಪ್ಪು ಅಂದ್ರ ಮ್ಯಾಲಿನವರು ಕೇಳ್ತಾರ್ರೀ.”

“ಬಿಲ್ ಸುಳ್ಳು ಅಂದ್ರ ಯಾರು ಕೇಳ್ತಾರ?” ಎಂದ ಸಿದ್ಧರಾಮ.

ಉತ್ತರ ಎಲ್ಲರಿಗೂ ಗೊತ್ತಿತ್ತು: ಆಡಿಟ್ಟಿನವರು. ಈ ರಾಜ್ಯದಲ್ಲಿ ಇನ್ನೂರ ಹತ್ತು ಜನರ ಅನ್ನಕ್ಕಿಂತ ಆಡಿಟ್ಟಿನ ಒಂದು ಆಕ್ಷೇಪಣೆಗೆ ತೂಕ ಹೆಚ್ಚು. ಕಸ್ತೂರೆವ್ವ ಬಂಡವಾಳ ಹೂಡಿದ್ದೇ ಆ ತೂಕದ ಮೇಲೆ. ರಾಮಚಂದ್ರರು ಫ್ಯಾನು ನೋಡಿದರು, ಕ್ಯಾಲೆಂಡರು ನೋಡಿದರು, ಪೆನ್ನಿನ ಟೋಪಿ ತೆಗೆದರು. ‘ಮರುಪರಿಶೀಲನೆಯಂತೆ ವಾಸ್ತವ್ಯ: 43 ಕುಟುಂಬ. ಆಧಾರ: ಪಾವತಿ ಸಂಖ್ಯೆ 1ರಿಂದ 43. ಮಾರ್ಗ ತೆಗೆಯುವ ಆದೇಶ ಹಿಂಪಡೆದಿದೆ’ ಎಂದು ಬರೆದು, ಯಾರ ಮುಖವನ್ನೂ ನೋಡದೆ ಸೀಲು ಒತ್ತಿದರು.

ಇಪ್ಪತ್ತು ದಿನ ಕಳೆದ ಮೇಲೆ ಮೋದಿನಸಾಬನ ದೋಣಿಯಲ್ಲಿ ಒಂದು ಟಪಾಲಿನ ಚೀಲ ಬಂತು. ಅದರಲ್ಲಿ ನಲವತ್ತಮೂರು ಲಕೋಟೆ. ಒಳಗೆ ಹನ್ನೊಂದು ವರ್ಷದ ಮನೆ ತೆರಿಗೆಯ ಬಾಕಿ, ದಂಡ ಸಹಿತ. ಜನ ಇದ್ದಾರೆಂದು ಗೊತ್ತಾದ ಕೂಡಲೇ ಸರ್ಕಾರಕ್ಕೆ ಮೊದಲು ಹೊಳೆದದ್ದು ಅದು. ರಸ್ತೆ ಹೊಳೆಯಲಿಲ್ಲ, ರೇಶನ್ನು ಹೊಳೆಯಲಿಲ್ಲ.

ಗಿರಣಿಯಲ್ಲಿ ಸಿದ್ಧರಾಮ ಒಂದೊಂದೇ ಒಡೆದು ಹೆಸರು ಓದಿದ. ಬೈಗುಳ ಬೀಳಬಹುದೆಂದು ಮೆಲ್ಲಗೆ ಓದುತ್ತಿದ್ದ.

“ಜೋರ ಓದಲೇ” ಎಂದ ಮಾಳಿಂಗಪ್ಪ.

“ಮನಿ ನಂಬರ ಇಪ್ಪತ್ತೊಂಬತ್ತು, ಕಾವೇರಿ.”

“ಅದೀನಿ” ಎಂದಳು ಕಾವೇರಿ, ಎದ್ದು ನಿಂತು.

ಯಾರೂ ಹೇಳಿಕೊಟ್ಟಿರಲಿಲ್ಲ. ಮುಂದಿನ ಹೆಸರಿನವನೂ ಎದ್ದು “ಅದೀನಿ” ಎಂದ. ಸುಗ್ರಾ ತನ್ನ ಹೆಸರು ಎಲ್ಲೂ ಇಲ್ಲವೆಂದು ಗಂಡನ ಹೆಸರಿಗೇ ಅವನಿಗಿಂತ ಮೊದಲು ಎದ್ದಳು. ಹನ್ನೊಂದು ವರ್ಷದಲ್ಲಿ ಅವರ ಹೆಸರು ಹಿಡಿದು ಸರ್ಕಾರ ಬರೆದ ಮೊದಲ ಕಾಗದ ಅದು. ಬೆದರಿಕೆಯ ಕಾಗದವನ್ನು ಹೆಂಗಸರು ಮಡಚಿ ಕುಪ್ಪಸದಲ್ಲಿ ಇಟ್ಟುಕೊಂಡರು.

“ಕಟ್ಟೂದೇನ ಅತ್ತಿ?” ಎಂದ ಸಿದ್ಧರಾಮ.

“ಯಾತಕ್ಕ ಕಟ್ಟೂದು? ರಸ್ತಾ ಎಲ್ಲೈತಿ ಅಂತ ಕೇಳಿ ಬರಿ. ಎಲ್ಲಾರದೂ ಕೂಡಿಸಿ ಒಂದ ಅರ್ಜಿ ಬ್ಯಾಡ ಮತ್ತ. ನಲವತ್ತಮೂರು ಬ್ಯಾರೆ ಬ್ಯಾರೆ. ಒಂದೊಂದಕ್ಕೂ ಅವರು ಹೆಸರು ಬರದು ಉತ್ತರಾ ಕೊಡಬೇಕು.”

“ಹಂಗ ಮಾಡಿದ್ರ ವರ್ಷಗಟ್ಟಲೆ ನಡೀತೈತಿ.”

“ನಡೀಲಿ” ಎಂದಳು ಕಸ್ತೂರೆವ್ವ. “ಅಲ್ಲೀತನಾ ನಾವು ಅದೀವಿ.” ಪಾಳಿಯ ಮೊದಲ ಚೀಲದ ಬಾಯಿ ಬಿಚ್ಚಿ, ಮೋಟರಿನ ಗುಂಡಿ ಒತ್ತಿದಳು.