ಹಟ್ಟಿಯ ಹೊರಗಿನ ಗುಡ್ಲು

ನಾಲ್ಕು ದಿನದ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಿಪ್ಪೇರುದ್ರಮ್ಮ ಹಟ್ಟಿಯ ಬೇಲಿ ದಾಟಿ ಒಳಗೆ ಬರುವಾಗ ಗಂಡ ಜೋಗಪ್ಪನೇ ಎದುರಾದ. ಹಟ್ಟಿಯ ದೇವರ ಪೂಜಾರಿ ಅವನು. ಅವಳ ಹಿಂದೆ ಕೂಸಿನ ತಾಯಿ, ಪಕ್ಕದ ಮನೆಯ ಬಾಣಂತಿ ರಶ್ಮಿತಾ ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ಬರುತ್ತಿದ್ದಳು.

"ಏನೇ ಇದು? ಸೂತಕ ಕಳೀದೆ ಒಳಗೆ ಕರ್ಕಂಡು ಬರ್ತೀಯಾ?"

"ಹೂಂರಿ. ನಮ್ಮನೀಗೆ."

"ಮನೇಲಿ ದೇವ್ರ ಪೆಟ್ಟಿಗೆ ಐತೆ."

"ಗುಡ್ಲಾಗಿದ್ರೆ ಕೂಸು ಉಳಿಯಲ್ಲ. ಮುಟ್ಟಿ ನೋಡ್ರಿ, ಕಾಲು ಹೆಂಗೆ ತಣ್ಣಗಾಗ್ಯಾವೆ."

ಜೋಗಪ್ಪ ಮುಟ್ಟಲಿಲ್ಲ.

ಹಟ್ಟಿಯ ಕಟ್ಟಳೆಯಂತೆ ಹೆತ್ತವಳು ಸೂತಕದ ತಿಂಗಳು ಕಳೆಯುವವರೆಗೆ ಕೂಸಿನೊಡನೆ ಬೇಲಿಯಾಚೆಯ ಗುಡ್ಲಿನಲ್ಲಿ, ಒಂದು ಪುಟ್ಟ ಗುಡಿಸಲಿನಲ್ಲಿ, ಇರಬೇಕು. ಚಳ್ಳಕೆರೆಯ ಆಸ್ಪತ್ರೆಯಲ್ಲಿ ಹೆರಿಗೆಯಾದರೂ ಆಟೋ ಬಂದು ನಿಲ್ಲುವುದು ಆ ಗುಡ್ಲಿನ ಮುಂದೆಯೇ. ಹೋದ ವರ್ಷದ ಚಳಿಯಲ್ಲಿ ಸೊಸೆ ಗಂಗಲಕ್ಷ್ಮಿಯನ್ನು ಅಲ್ಲಿ ಬಿಟ್ಟು ಬಂದವಳು ಇದೇ ತಿಪ್ಪೇರುದ್ರಮ್ಮ. ಒಂಬತ್ತನೆಯ ದಿನ ಬೆಳಿಗ್ಗೆ ಗಂಜಿ ಒಯ್ದಾಗ ಸೊಸೆ ಕೂಸಿಗೆ ಮೊಲೆ ಕೊಡುತ್ತ ಕುಳಿತಿದ್ದಳು. ಕೂಸು ಚೀಪುತ್ತಿರಲಿಲ್ಲ. "ಅತ್ತೆ, ಒಂದೀಟು ಎತ್ಕಳ್ರಿ" ಎಂದಳು. ಮುಟ್ಟಬಾರದೆಂದು ತಿಪ್ಪೇರುದ್ರಮ್ಮ ಗಂಜಿಯನ್ನು ದೂರದಲ್ಲಿಟ್ಟು ನಿಂತಿದ್ದಳು. ಆ ಸಂಜೆಯೇ ಕೂಸನ್ನು ಮಣ್ಣು ಮಾಡಿದರು.

ಈ ದಿನ ಅದೇ ಗುಡ್ಲಿನಿಂದ ಇನ್ನೊಂದು ಕೂಸು ಅಳಲಾರದೆ ಮುಲುಗುವುದು ಕೇಳಿಸಿತ್ತು. ರಶ್ಮಿತಾಳ ಮನೆಯವರನ್ನು ಕೂಗಿದಳು. ಅವರು ಬಾಗಿಲು ತೆಗೆಯಲಿಲ್ಲ. ಆಮೇಲೆ ಯಾರನ್ನೂ ಕೇಳದೆ ಕೂಸನ್ನು ಎತ್ತಿಕೊಂಡು ಬಂದಿದ್ದಳು.

ಜೋಗಪ್ಪ ಒಳಗೆ ಹೋಗಿ ದೇವರ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತುಕೊಂಡು ಗುಡಿಗೆ ನಡೆದ. ತಿಂಗಳಾದರೂ ಮನೆಗೆ ಬರಲಿಲ್ಲ. ಹಟ್ಟಿಯವರು ತಿಪ್ಪೇರುದ್ರಮ್ಮನೊಡನೆ ಮಾತು ಬಿಟ್ಟರು. ಗಂಗಲಕ್ಷ್ಮಿ ಮಾತ್ರ ದಿನವೂ ನೀರು ಕಾಯಿಸಿ ರಶ್ಮಿತಾಳ ಕೂಸಿಗೆ ಎರೆದಳು. ಎರೆಯುವಾಗ ಅದರ ಮುಖ ನೋಡುತ್ತಿರಲಿಲ್ಲ.

ಕೂಸು ಮೈತುಂಬಿಕೊಂಡಿತು. ಹಟ್ಟಿಗೆ ಯಾವ ಕೇಡೂ ಬರಲಿಲ್ಲ. ಬೇಸಿಗೆಯಲ್ಲಿ, ಮಾತು ಬಿಟ್ಟವರಲ್ಲೊಬ್ಬಳಾದ ಗೀತಮ್ಮನ ಮಗಳು ಹೆತ್ತಾಗ ಆಟೋ ಗುಡ್ಲಿನ ಮುಂದೆ ನಿಲ್ಲದೆ ಸೀದಾ ಮನೆಯ ಬಾಗಿಲಿಗೇ ಹೋಯಿತು. ಅದನ್ನು ಕಣ್ಣಾರೆ ಕಂಡ ತಿಪ್ಪೇರುದ್ರಮ್ಮ ಓಡೋಡಿ ಮನೆಗೆ ಬಂದಳು.

"ಗಂಗೀ, ಗೀತಮ್ಮನೂ ಮಗಳ್ನ ಒಳಗೇ ಕರ್ಕಂಡ್ಲು ಕಣೇ!"

ಗಂಗಲಕ್ಷ್ಮಿ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳು.

"ಒಳ್ಳೇದಾತು ಬಿಡ್ರಿ" ಎಂದಳು. ಗಡಿಗೆಯನ್ನು ಒಲೆಯಿಂದ ಇಳಿಸಿ, "ಅತ್ತೆ, ನನ್ ಕೂಸಿನ್ ಟೈಮಿಗೆ ಯಾಕ್ ನಿಮಗೆ ಈ ಧೈರ್ಯ ಬರ್ಲಿಲ್ಲ?"

ತಿಪ್ಪೇರುದ್ರಮ್ಮ ಎರಡು ತಟ್ಟೆ ತಂದಿಟ್ಟು ಕುಳಿತಳು. ಗಂಗಲಕ್ಷ್ಮಿ ಮುದ್ದೆ ಕಟ್ಟಿ ಅತ್ತೆಯ ತಟ್ಟೆಗೂ ತನ್ನ ತಟ್ಟೆಗೂ ಇಟ್ಟು, ಸಾರು ಬಿಟ್ಟು, ಎದುರಿಗೆ ಕುಳಿತಳು. ಮುದ್ದೆಯ ಮೇಲಿನ ಹಬೆ ಮೆಲ್ಲಗೆ ತೆಳುವಾಗುತ್ತ ಹೋಯಿತು.