ಮಂಡಕ್ಕಿ ಚೀಲದ ಪಾಟೀಸವಾಲು

1981ರಲ್ಲಿ ಹರಿಹರದ ಕೋರ್ಟಿನಲ್ಲಿ ನಾನು ಮೊದಲ ಸಲ ಪಾಟೀಸವಾಲಿಗೆ ಎದ್ದು ನಿಂತಾಗ ಮೈಮೇಲಿನ ಕರಿಕೋಟು ಕೂಡ ನನ್ನದಲ್ಲ, ನನ್ನ ಸೀನಿಯರ್ ಉಚ್ಚೆಂಗಪ್ಪನವರ ಹಳೆಯದು. ದಾವಣಗೆರೆಯಿಂದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರದು ಒಂದೇ ಮಾತು: "ಕುತುಬುದ್ದೀನ್, ಎರಡು ಪ್ರಶ್ನೆ ಕೇಳಿ ಕೂತ್ಕೊ. ಸಿಟ್ಟು ಮಾಡ್ಕೋಬ್ಯಾಡ." ಸಿಟ್ಟು ನನ್ನ ಹುಟ್ಟುಗುಣ, ಅದಕ್ಕೇನು ಮಾಡಲಿ?

ಆರೋಪಿ ಮಾಬೂಬೀ ಮಂಡಕ್ಕಿ ಭಟ್ಟಿಯಲ್ಲಿ ಹುರಿಯುವವಳು. ವಾರಕ್ಕೊಂದು ದಿನ ರಜೆ ಬೇಕೆಂದು ಉಳಿದ ಹೆಂಗಸರನ್ನು ಕಟ್ಟಿಕೊಂಡು ಕೇಳಿದ್ದಳು. ಮೂರೇ ದಿನಕ್ಕೆ ಮಾಲೀಕ ಹುಸೇನ್ ಸಾಬ್ ಅವಳ ಮೇಲೆ ಒಂದು ಚೀಲ ಮಂಡಕ್ಕಿ ಕದ್ದಳೆಂದು ದೂರು ಕೊಟ್ಟ. ಅವಳ ಮನೆ ಹಿಂದೆ ಸಿಕ್ಕಿತೆಂಬ ಚೀಲ ಮೊಹರು ಹಾಕಿಸಿಕೊಂಡು ಕೋರ್ಟಿನ ಮೂಲೆಯಲ್ಲಿ ಕೂತಿತ್ತು. ಶಿಕ್ಷೆಯಾದರೆ ಊರಿನ ಯಾವ ಭಟ್ಟಿಯೂ ಅವಳನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

"ಜೈಲಿಗೆ ಬೇಕಾದ್ರೆ ಹೋಗ್ತೀನಿ. ಕಳ್ಳಿ ಅನ್ನಿಸ್ಕೊಂಡು ಹೆಂಗೆ ಬಾಳ್ಲಪ್ಪ?" ಎಂದಿದ್ದಳು.

ನನ್ನ ತಾಯಿ ಬೀಬಿಜಾನ್ ಕೂಡ ಭಟ್ಟಿಯಲ್ಲಿ ಹುರಿದೇ ನನ್ನನ್ನು ಓದಿಸಿದವಳು. ಅದನ್ನು ನಾನು ಉಚ್ಚೆಂಗಪ್ಪನವರಿಗೂ ಹೇಳಿರಲಿಲ್ಲ. ಕೇಳಿದವರಿಗೆ "ಮನೆಯಲ್ಲಿ ಅಕ್ಕಿ ವ್ಯಾಪಾರ" ಎಂದುಬಿಡುತ್ತಿದ್ದೆ. ನಾಚಿಕೆಗೇಡು, ಆದರೆ ನಿಜ.

ಕಣ್ಣಾರೆ ಕಂಡ ಸಾಕ್ಷಿ ಕುಬೇರಪ್ಪ, ಅಕ್ಕಿ ಗಿರಣಿಯ ಹಮಾಲಿ.

"ಚೀಲ ಹೊತ್ಕೊಂಡು ಹೆಂಗೆ ಹೋದ್ಲು?" ಎಂದೆ.

"ಏನ್ ಭಾರ ಅಂತೀರಿ ವಕೀಲ್ರೇ! ಸೊಂಟಾನೇ ಬಗ್ಗಿತ್ರಿ. ರಸ್ತೆ ದಾಟಾದ್ರಾಗೆ ಮೂರು ಸಲ ಇಳಿಸಿ ಸುಧಾರಿಸ್ಕೊಂಡ್ಲು."

ನನ್ನ ಕಿವಿ ನೆಟ್ಟಗಾಯಿತು. ಇಪ್ಪತ್ತು ವರ್ಷ ಅಕ್ಕಿಮೂಟೆ ಹೊತ್ತವನು ಅವನು. ಬಾಯಿ ಮಂಡಕ್ಕಿ ಎನ್ನುತ್ತಿತ್ತು, ಬೆನ್ನಿಗೆ ಮಾತ್ರ ಅಕ್ಕಿಯೇ ನೆನಪು.

"ಮೂರು ಸಲ? ಸರಿಯಾಗಿ ನೋಡಿದ್ರಾ?"

"ದೇವರಾಣೆ ರೀ."

ಎರಡು ಪ್ರಶ್ನೆ ಮುಗಿದಿತ್ತು. ಉಚ್ಚೆಂಗಪ್ಪನವರು ಕೂತ್ಕೋ ಎಂದು ಕಣ್ಸನ್ನೆ ಮಾಡಿದರು. ನಾನು ಕೂರಲಿಲ್ಲ. ಚೀಲ ಮುಟ್ಟಲು ನ್ಯಾಯಾಧೀಶರ ಅಪ್ಪಣೆ ಕೇಳಿ ಮೂಲೆಗೆ ಹೋದೆ. ಎರಡು ತುದಿ ಹಿಡಿದು, ಮೊಣಕಾಲು ಕೊಟ್ಟು, ಒಂದೇ ಏಟಿಗೆ ಚೀಲವನ್ನು ತಲೆಗೇರಿಸಿದೆ. ಒಂದು ಕೈ ಸೊಂಟದ ಮೇಲಿಟ್ಟು ನ್ಯಾಯಾಧೀಶರ ಮುಂದೆ ಹೋಗಿ ನಿಂತೆ.

ಕೋರ್ಟು ಘೊಳ್ಳೆಂದಿತು. ಕುಬೇರಪ್ಪ ನೆಲ ನೋಡಿದ.

ನ್ಯಾಯಾಧೀಶರೂ ನಗು ತಡೆದುಕೊಂಡು, "ಇದನ್ನೆಲ್ಲಿ ಕಲಿತಿರಿ ವಕೀಲರೇ?" ಎಂದರು.

"ಭಟ್ಟೀಲಿ, ಸ್ವಾಮಿ. ನಮ್ಮಮ್ಮ ಹುರೀತಿದ್ಲು, ನಾನು ಹೊರ್ತಿದ್ದೆ."

ಹೇಳಿದ ಮೇಲೆ, ಚೀಲ ಇನ್ನೂ ತಲೆಯ ಮೇಲಿದ್ದರೂ, ಎಷ್ಟೋ ವರ್ಷದ ಹೊರೆ ಇಳಿದಂತಾಯಿತು. ಬಂದು ಕೂತಾಗ ಉಚ್ಚೆಂಗಪ್ಪನವರು ನನ್ನ ಕೋಟಿನ ಮೇಲಿನ ಧೂಳು ಕೊಡವಿದರು.

ಮುಂದಿನ ವಾರ ತೀರ್ಪು ಬಂತು, ಬಿಡುಗಡೆ. ಮಾಬೂಬೀ ಕೋರ್ಟಿನ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಕೇಳಿದ್ದು ಒಂದೇ: "ಕಾಗದ ಕೊಟ್ರಾ?"

"ತೀರ್ಪಿನ ನಕಲು ಬರಾಕೆ ಟೈಮ್ ಹಿಡಿತೈತೆ ಖಾಲಾ," ಎಂದೆ, ಚಿಕ್ಕಮ್ಮನನ್ನು ಕರೆದಂತೆ.

"ಹಂಗಾರೆ ನೀನೇ ಭಟ್ಟಿಗೆ ಬಂದು ಎಲ್ರಿಗೂ ಬಾಯಲ್ಲಿ ಹೇಳು. ಈ ಕೋಟು ಹಾಕ್ಕೊಂಡೇ ಬಾ."

ಹೋದೆವು. ಹುಸೇನ್ ಸಾಬ್ ನಮ್ಮನ್ನು ಕಂಡು ಒಳಗೆ ಸರಿದ. ಹೆಂಗಸರು ಬಾಣಲೆಯ ಕಾದ ಮರಳಿನಲ್ಲಿ ಅಕ್ಕಿ ಹುರಿಯುತ್ತಿದ್ದರು. ಕೈ ನಿಲ್ಲಿಸಿದರೆ ಸೀದುಹೋಗುತ್ತದೆ, ಯಾರೂ ನಿಲ್ಲಿಸಲಿಲ್ಲ. ಹೊಗೆಯಲ್ಲಿ ನಿಂತು, "ಮಾಬೂಬೀ ಕದ್ದಿಲ್ಲ ಅಂತ ಕೋರ್ಟು ಹೇಳೈತೆ," ಎಂದೆ.

"ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳು," ಎಂದಳು ಮಾಬೂಬೀ.

ಹೇಳಿದೆ. ಮತ್ತೊಮ್ಮೆ ಹೇಳಿಸಿದಳು. ಮೂರನೇ ಸಲಕ್ಕೆ ಹೊಗೆ ಕುಡಿದು ಕೆಮ್ಮತೊಡಗಿದೆ. ಆಗ ಅವಳೇ ಎದೆ ಸೆಟೆಸಿ, ಭಟ್ಟಿಗೆಲ್ಲ ಕೇಳುವಂತೆ ಆ ಮಾತನ್ನು ಕೂಗಿ ಹೇಳಿದಳು.