ಹನ್ನೆರಡು ಮನೆಯ ಒಂದು ಮಾಳಿಗೆ

"ಒಳಗ ಬ್ಯಾಡ. ಇಲ್ಲೇ ಇಳಸ್ರಿ," ಎಂದು ಬಾಯವ್ವ ಹೊಸ್ತಿಲ ಮೇಲೆ ನಿಂತು ಎರಡೂ ಕೈಗಳಿಂದ ಬಾಗಿಲ ಚೌಕಟ್ಟು ಹಿಡಿದಳು. ಯಮನಪ್ಪನ ಹೆಣಕ್ಕೆ ಜಳಕ ಮಾಡಿಸಿ ಹೊತ್ತು ತಂದಿದ್ದ ನಾಲ್ವರು ಅಲ್ಲೇ ತಡವರಿಸಿ ನಿಂತರು. ಗಂಡ ಸತ್ತು ಮೂರು ತಾಸಾಗಿಲ್ಲ, ಹೆಂಗಸಿಗೆ ತಲೆ ಕೆಟ್ಟಿದೆ ಎಂದು ಓಣಿ ತೀರ್ಮಾನಿಸಿಬಿಟ್ಟಿತು.

ಓಣಿಯ ಹಿರಿಯ ಮಹಾಂತಪ್ಪ ಮುಂದೆ ಬಂದ. "ಮನಿ ಯಜಮಾನನ್ನ ಪಡಸಾಲ್ಯಾಗ ಗ್ವಾಡಿಗೆ ಆನಿಸಿ ಕುಂಡ್ರಸಬೇಕವಾ. ಸುತ್ತ ಭಜನಿಯವರು ಕುಂಡ್ರಬೇಕು. ಹಾದ್ಯಾಗ ಕುಂಡ್ರಸಾಕ ಅಂವೇನ ದಿಕ್ಕಿಲ್ಲದಾಂವ?"

"ಒಳಗ ನಲವತ್ತ ಮಂದಿ ಕುಂಡ್ರತೀರಿ. ನೋಡಾಕಂತ ಮ್ಯಾಳಗಿ ಹತ್ತಿ ಬೆಳಕಿಂಡ್ಯಾಗ ಇಪ್ಪತ್ತ ಮಂದಿ ಬಗ್ಗತೀರಿ. ತೊಲಿ ತಡ್ಯೂದಿಲ್ಲ. ಒಬ್ಬಾಂವ ಸತ್ತದ್ದು ಸಾಕು."

ಎತ್ತಿದ ಹೆಣವನ್ನು ಎಷ್ಟು ಹೊತ್ತು ಹಿಡಿದು ನಿಲ್ಲುವುದು? ಗೊಣಗುತ್ತಲೇ ಬಾಗಿಲ ಮುಂದಿನ ಬೇವಿನ ನೆರಳಲ್ಲಿ ಕುರ್ಚಿ ಹಾಕಿ ಕೂರಿಸಿದರು, ವಿಭೂತಿ ಹಚ್ಚಿದರು, ಮಾಲೆ ಹಾಕಿದರು.

"ಕೆಲಸ ಮಾಡಕೋಂತ ಹೋದಾ. ಪುಣ್ಯವಂತರ ಸಾವು," ಎಂದು ಪಕ್ಕದ ಮನೆಯ ಪದ್ಮವ್ವ ಸೆರಗಿನಿಂದ ಕಣ್ಣೊತ್ತಿಕೊಂಡಳು.

ಬಾಯವ್ವನ ಮೈ ಉರಿದುಹೋಯಿತು. ಅರವತ್ತೆಂಟರ ಮುದುಕ ಬೆಳಿಗ್ಗೆ ಕೆರೆಯುತ್ತಿದ್ದದ್ದು ಇದೇ ಪದ್ಮವ್ವನ ಮಾಳಿಗೆಯ ಮಣ್ಣನ್ನು. ತುಂಬಿದ ಬುಟ್ಟಿ ಎತ್ತಲು ಬಗ್ಗಿದವನು ಮತ್ತೆ ಏಳಲಿಲ್ಲ. ಪದ್ಮವ್ವನ ದಾಂಡಿಗ ಮಕ್ಕಳಿಬ್ಬರು ಆಗ ಕೆಳಗೆ ಕೂತು ಚಹಾ ಕುಡಿಯುತ್ತಿದ್ದರು.

*

ಮುನವಳ್ಳಿಯ ಆ ಸಾಲನ್ನು ಹನ್ನೆರಡು ಮನೆತನಗಳು ಕೂಡಿ ಕಟ್ಟಿದ್ದು ಸ್ವಾತಂತ್ರ್ಯ ಬಂದ ಮರುವರ್ಷ. ಎರಡು ಮನೆಗೆ ಒಂದು ಗೋಡೆ, ಹನ್ನೆರಡಕ್ಕೂ ಸೇರಿ ಒಂದೇ ಮಣ್ಣಿನ ಮಾಳಿಗೆ. ಒಬ್ಬನ ತೊಲೆ ಮುರಿದರೆ ಪಕ್ಕದವನ ತೊಲೆಯೂ ಗೋಡೆ ಬಿಟ್ಟು ಬರುವಂಥ ಕಟ್ಟಡ. ಆದರೆ ಮಂದಿ ಅದನ್ನು ಹನ್ನೆರಡು ಮಾಳಿಗೆ ಎಂದೇ ತಿಳಿದರು. ಸುಣ್ಣದ ಗೆರೆ ಎಳೆದು ನನ್ನದು, ನಿನ್ನದು ಎಂದು ಹಂಚಿಕೊಂಡರು.

ಮಳೆಗಾಲಕ್ಕೆ ಮುಂಚೆ ಹಳೆಯ ಮಣ್ಣು ಕೆರೆದು ತೆಗೆದು ಹೊಸ ಬಿಳಿಮಣ್ಣು ಹಾಕಬೇಕು. ಕೆರೆಯುವ ಕೆಲಸ ಯಾರಿಗೆ ಬೇಕು? ಸೋರಿದಲ್ಲಿ ನಾಲ್ಕು ಬುಟ್ಟಿ ಮೇಲೆ ಸುರಿದು ಕೈತೊಳೆದುಕೊಂಡರು. ಹೀಗೇ ಇಪ್ಪತ್ತಾರು ವರ್ಷ. ಮೊದಲು ಗೇಣಿದ್ದ ಮಣ್ಣು ಮೊಣಕಾಲು ಮುಟ್ಟಿತು. "ನಮ್ಮ ಮ್ಯಾಳಗಿ ದಪ್ಪ ನೋಡ, ಕ್ವಾಟಿ ಇದ್ದಂಗ ಐತಿ," ಎಂದು ಬೀಗರ ಮುಂದೆ ಕೊಚ್ಚಿಕೊಳ್ಳುವವರೂ ಇದ್ದರು.

ಯಮನಪ್ಪ ಬಡಿಗ. ನವಿಲುತೀರ್ಥದ ಅಣೆಕಟ್ಟೆ ಮುಗಿಯುವ ತನಕ ಅಲ್ಲಿ ಕಾಂಕ್ರೀಟಿಗೆ ಮರದ ಹಲಗೆ ಕಟ್ಟಿದವನು. ಭಾರ ಎಂದರೇನು ಎಂದು ಬಲ್ಲವನು. ನಾಲ್ಕು ವರ್ಷದ ಹಿಂದೆ ಯುಗಾದಿಯ ಮರುದಿನ ಎಲ್ಲರನ್ನೂ ಕೂರಿಸಿ ಹೇಳಿದ್ದ. "ಎಲ್ಲಾರೂ ಕೂಡಿ ಮಣ್ಣ ಕೆರಿಯೂಣು. ಆಮ್ಯಾಲ ವರ್ಷಕ್ಕೊಂದ ಮನಿ ತೊಲಿ ಬದಲ ಮಾಡೂಣು. ಯಾರದ ಹೆಚ್ಚ ಹಾಳಾಗೇತಿ, ಅವರದ ಮೊದಲ. ಹನ್ನೆರಡ ವರ್ಷಕ್ಕ ಎಲ್ಲಾ ಹೊಸಾದ ಆಗತೈತಿ."

"ಹನ್ನೆರಡ ವರ್ಷ ಯಾರ ಇರತಾರೋ ಮಾರಾಯ," ಎಂದು ಮಹಾಂತಪ್ಪ ನಕ್ಕಿದ್ದ. ಕೊನೆಯ ಮನೆಯ ಗಂಗಪ್ಪ, "ನನ್ನ ತೊಲಿ ಗಟ್ಟಿ ಅದಾವ, ಮಂದಿ ತೊಲಿಗೆ ನಾ ಯಾಕ ಬೆವರ ಸುರಸಲಿ?" ಎಂದು ಎದ್ದುಹೋಗಿದ್ದ. ಮರುವರ್ಷ ಸುಗ್ಗಿ ಅಡ್ಡ ಬಂತು, ಅದರ ಮರುವರ್ಷ ಯಾರದೋ ಮದುವೆ. ಕೊನೆಗೆ ಯಮನಪ್ಪ ಒಬ್ಬನೇ ಸಲಿಕೆ ಹಿಡಿದು ಹತ್ತಿದ. ತನ್ನದನ್ನು ಕೆರೆದು ಮುಗಿಸಿ, ಒಬ್ಬನಿಂದ ಬದಲಿಸಲಾಗದ ಹಳೆಯ ತೊಲೆಗಳನ್ನು ಹಾಗೇ ಬಿಟ್ಟು, ಈ ಬೇಸಿಗೆಯಲ್ಲಿ ಪಕ್ಕದ್ದಕ್ಕೆ ಕೈ ಹಚ್ಚಿದ್ದ.

*

ಮಧ್ಯಾಹ್ನಕ್ಕೆ ಶವ ಹೊರುವ ವಿಮಾನ ಸಿದ್ಧವಾಯಿತು. ಹೆಣ ಎತ್ತಲು ಬಂದವರಿಗೆ ಬಾಯವ್ವ ಮತ್ತೆ ಅಡ್ಡ ನಿಂತಳು.

"ರೋಹಿಣಿ ಮಳಿ ಬರಾಕ ಇನ್ನ ಎಂಟ ದಿನಾ ಐತಿ. ಹನ್ನೊಂದೂ ಮನಿಯವರು ಮ್ಯಾಲ ಹೋಗ್ರಿ. ಗೇಣ ಮಣ್ಣರೆ ಕೆರದ ಬರ್ರಿ. ಅಲ್ಲೀತನಕ ಅಂವ ಇಲ್ಲಿಂದ ಏಳೂದಿಲ್ಲ."

"ಒಂಬತ್ತ ದಿನಾ ಕಳೀಲಿ, ಮಾಡೂಣು," ಎಂದ ಗಂಗಪ್ಪ.

"ನಾಕ ವರ್ಷ ಕಳದ್ರಿ. ಅಂವ ನಿಮ್ಮ ಮನಿ ಮನಿಗೆ ತಿರಗಿ ಗಂಟಲ ಹರಕೊಂಡಾಗ ಒಬ್ಬರೂ ಬರಲಿಲ್ಲ. ಈಗ ಹೊರಾಕ ನಾ ಮುಂದ ನೀ ಮುಂದ ಅಂತ ಹೆಗಲ ಕೊಡಾಕ ಬಂದೀರಿ. ನಾಚಿಕಿ ಆಗೂದಿಲ್ಲೇನು?"

ಸುರೇಬಾನದಿಂದ ಬಂದ ಬೀಗರು ಕೇಳಿಸಿಕೊಂಡು ನಿಂತಿದ್ದರು. ಪರವೂರವರ ಮುಂದೆ ಮರ್ಯಾದೆ ಹೋಗುವುದನ್ನು ಮಾತ್ರ ಆ ಓಣಿ ತಡೆದುಕೊಳ್ಳದು. ಹನ್ನೊಂದು ಮಂದಿ ಧೋತರ ಎತ್ತಿಕಟ್ಟಿ ನಿಚ್ಚಣಿಕೆ ಏರಿದರು.

ಬಾಯವ್ವ ಗಂಡನ ಕಾಲ ಬಳಿ ಕೂತಳು. ಮೇಲೆ ಸಲಿಕೆಗಳ ಸದ್ದು. ಬೆಳಗಿನಿಂದ ಒಣಗಿದ್ದ ಕಣ್ಣು ಆಗ ತುಂಬಿತು. "ಕೇಳ್ರಿ," ಎಂದಳು ಮೆಲ್ಲಗೆ, "ಕೆರ್ಯಾಕ ಹತ್ಯಾರ." ಅವನಿಗೆ ಕೇಳಿಸಿತೆಂದೇ ಅವಳಿಗೆ ಅನ್ನಿಸಿತು.

ಬಹಳ ಹೊತ್ತಾದರೂ ಒಂದು ಬುಟ್ಟಿ ಮಣ್ಣೂ ಕೆಳಗೆ ಬೀಳಲಿಲ್ಲ. ಬೀಳುವುದಾದರೂ ಎಲ್ಲಿ? ಹಿಂದೆ ಪರರ ಬಣವೆ. ಮುಂದೆ ಓಣಿಯ ತುಂಬ ಜನ, ನಡುವೆ ಹೆಣ. ಹೆಣಕ್ಕೆ ಮಣ್ಣು ಕೊಡುವುದು ಕುಣಿಯಲ್ಲಿ. ಅದಕ್ಕೆ ಮುಂಚೆ ಒಂದು ಹಿಡಿಯೂ ಮೈಮೇಲೆ ಬೀಳಬಾರದು. ಬಾಯವ್ವ ಎದ್ದು ಹಿಂದೆ ಸರಿದು ಮೇಲೆ ನೋಡಿದಳು.

ಪ್ರತಿಯೊಬ್ಬನೂ ತನ್ನ ತನ್ನ ಗೆರೆಯೊಳಗೇ ನಿಂತಿದ್ದ. ಬುಟ್ಟಿಗಳು ಕೈಯಿಂದ ಕೈಗೆ ಸಾಗಿ ಅವಳ ಮನೆಯ ಮೇಲೆ ಖಾಲಿಯಾಗುತ್ತಿದ್ದವು.

"ಮಹಾಂತಪ್ಪಣ್ಣಾ, ನಮ್ಮ ಮ್ಯಾಲ ಯಾಕ?"

"ಖಾಲಿ ಮನಿ ಐತೆಲ್ಲವಾ. ಒಳಗ ಯಾರೂ ಕುಂಡ್ರಬ್ಯಾಡ್ರಿ ಅಂತ ನೀನ ಹೇಳಿದಿ," ಎಂದ ಮಹಾಂತಪ್ಪ ಮೇಲಿನಿಂದ. "ಹೊತ್ತ ಇಳ್ಯಾಕ ಹತ್ತೇತಿ. ಸದ್ಯ ಅಲ್ಲಿರಲಿ, ಆಮ್ಯಾಲ ತಗಿಯೂಣು."

"ಇಳೀರಿ," ಎಂದಳು ಬಾಯವ್ವ. ಇಳಿಯಿರಿ, ಇಳಿಯಿರಿ ಎಂದು ಮತ್ತೆ ಮತ್ತೆ ಕೂಗಿದಳು. ಹೆಣ ಎತ್ತಲು ಅವಸರಪಡಿಸುತ್ತಿದ್ದಾಳೆ ಎಂದುಕೊಂಡು ಭಜನೆಯವರು ತಾಳ ಜೋರು ಮಾಡಿದರು.

ಹನ್ನೊಂದು ಮನೆಯ ಮಣ್ಣು ಅವಳ ಮಾಳಿಗೆಯ ಮೇಲೆ ಆಳೆತ್ತರ ಎದ್ದಿತ್ತು. ಕೆಲಸ ಮುಗಿಸಿದ ಹನ್ನೊಂದು ಮಂದಿ ಅದರ ಮೇಲೆಯೇ ಕೂತು, ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಳ್ಳುತ್ತಿದ್ದರು. ಕೆಳಗೆ, ತೆರೆದ ಬಾಗಿಲೊಳಗೆ, ಖಾಲಿ ಪಡಸಾಲೆಯ ತೊಲೆಯ ಉದ್ದಕ್ಕೂ ಬಿಳಿ ಮಣ್ಣು ಸಣ್ಣಗೆ ಸುರಿಯತೊಡಗಿತ್ತು.